ತಾಜುನ್ನಿಸಾಳ ಹಡಗಿನ ಪಾಳಿ

“ಸತ್ತಾಕಿ ಹಡಗ ಹತ್ತಲ್ಲರಿ ಕಲ್ಯಾಣಪ್ಪನೋರ. ಹತ್ತ್ಯಾಳ ಅಂದ್ರ ಆಕಿ ಸತ್ತಿಲ್ಲ. ಇಷ್ಟ ನಾ ಹೇಳಾಂವ.”

ಗನಿಸಾಬ ಕಾಗದವನ್ನು ನನ್ನ ಕಡೆ ತಳ್ಳಿದ. ಮಾತು ಗಟ್ಟಿಯಾಗಿಯೇ ಇತ್ತು, ಆದರೆ ಕೈ ಸುಮ್ಮನಿರಲಿಲ್ಲ. ಮೇಜಿನ ಮೇಲಿದ್ದ ಪಾನಿನ ಡಬ್ಬಿಯ ಮುಚ್ಚಳವನ್ನು ತೆರೆಯುತ್ತಿದ್ದ, ಮುಚ್ಚುತ್ತಿದ್ದ, ಮತ್ತೆ ತೆರೆಯುತ್ತಿದ್ದ.

“ಸತ್ತದ್ದು ಖರೇ ಅದ,” ಎಂದೆ. “ಹೋದ ವಾರ ಚಿತ್ತಾಪುರಕ್ಕ ಹೋಗಿ ಗೋರಿ ನೋಡಿ ಬಂದೀನಿ. ಮಣ್ಣು ಕೊಟ್ಟ ನಾಕು ಮಂದೀನೂ ಮಾತಾಡ್ಸೀನಿ. ಈಗ ಹಡಗಿನ ಸುದ್ದಿ ನೀವು ಹೇಳ್ರಿ.”

ಅಬ್ದುಲ್ ಗನಿಯ ಅಂಗಡಿ ವಾಡಿ ಸ್ಟೇಷನ್ನಿನ ಎದುರಿಗೇ ಇದೆ. ಬಾಗಿಲಲ್ಲಿ ಒಂದು ಶಹಾಬಾದ್ ಕಲ್ಲಿನ ಮೆಟ್ಟಿಲು, ಒಂದು ಕಡೆ ಕುಸಿದಿದೆ. ಒಳಗೆ ಬರುವಾಗ ನಾನು ಎಡವಿದೆ, ಎಲ್ಲರೂ ಎಡವುತ್ತಾರೆ. ಒಳಗೆ ಗೋಡೆಯ ಮೇಲೆ ಒಂದು ಹಡಗಿನ ಚಿತ್ರ. ಸೇಡಂ, ಚಿಂಚೋಳಿಯಿಂದ ಶಹಾಬಾದಿನವರೆಗೆ ಹಜ್ ಯಾತ್ರೆಗೆ ಹೊರಡುವ ಮುಸಲ್ಮಾನರು ಮುಂಬಯಿಯಿಂದ ಜಿದ್ದಾಕ್ಕೆ ಹೋಗುವ ಹಡಗಿಗೆ ಇವನ ಕೈಯಲ್ಲೇ ಮುಂಗಡ ಕಟ್ಟುವುದು. ಕಂಪನಿ ಮುಂಬಯಿಯದು, ಇವನು ಏಜೆಂಟ.

ನಾನೋ, ಹಡಗು ಕಂಡವನಲ್ಲ. ಇಪ್ಪತ್ತೆಂಟು ವರ್ಷ ರೈಲ್ವೆಯಲ್ಲಿ ಕಳೆದುಹೋದ ಪಾರ್ಸಲ್ ಹುಡುಕುವ ನೌಕರಿ ಮಾಡಿ ನಿವೃತ್ತನಾದ ಮುದುಕ. ಪಾರ್ಸಲ್ ತಾನಾಗಿ ಕಳೆಯುವುದಿಲ್ಲ, ಯಾವುದೋ ಸ್ಟೇಷನ್ನಿನಲ್ಲಿ ಯಾರದೋ ಕೈ ಬಿದ್ದಿರುತ್ತದೆ. ನನಗೆ ಗೊತ್ತಿರುವ ವಿದ್ಯೆ ಇದೊಂದೇ. ಈ ಸಲ ಕಳೆದದ್ದು ಮಾತ್ರ ಒಬ್ಬ ಸತ್ತ ಹೆಂಗಸಿನ ಪಾಳಿ.

ಅಂಗಡಿಯ ಮೂಲೆಯಲ್ಲಿ ಹೆಣ್ಣುಮಕ್ಕಳು ಕೂಡಲೆಂದು ಕಟ್ಟಿದ ಹಸಿರು ಪರದೆ. ಅದರ ಹಿಂದೆ ರಶೀದಾಬೇಗಂ ಕೂತಿದ್ದರು. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡಿಸುತ್ತಿದ್ದವರ ವಿಧವೆ, ಸತ್ತ ತಾಜುನ್ನಿಸಾಳ ಬೆನ್ನಿಗೆ ಹುಟ್ಟಿದ ತಂಗಿ. ನನ್ನನ್ನು ಈ ಕೆಲಸಕ್ಕೆ ಹಚ್ಚಿದವರು ಅವರೇ.

ಮುಂಬಯಿಯಿಂದ ಬಂದ ಟೈಪು ಮಾಡಿದ ಕಾಗದವನ್ನು ನಾನು ಆಗಲೇ ಹತ್ತು ಸಲ ಓದಿದ್ದೆ. ಅದರ ಒಟ್ಟು ತಾತ್ಪರ್ಯ ಇಷ್ಟು. ಅಕ್ಕ ಹೋದ ವರ್ಷದ ಜುಲೈದಲ್ಲಿ ತೀರಿಕೊಂಡಳೆಂದು ಮರಣ ದಾಖಲೆ ಕಳಿಸಿ, ಅವಳ ಪಾಳಿ ನಿಮಗೆ ಕೊಡಿರೆಂದು ಕೇಳಿದ್ದೀರಿ. ನಮ್ಮ ಪಟ್ಟಿಯ ಪ್ರಕಾರ ಆ ಪ್ರಯಾಣಿಕಳು ಹೋದ ನವೆಂಬರ್ ಇಪ್ಪತ್ತೆರಡಕ್ಕೆ ಹಡಗು ಹತ್ತಿ, ಜನವರಿ ಕೊನೆಗೆ ಮರಳಿ ಬಂದಿಳಿದಿದ್ದಾಳೆ. ನಿಮ್ಮ ದಾಖಲೆ ಸುಳ್ಳೆಂದು ತೋರುತ್ತದೆ. ಈ ಕಾಗದ ಮುಟ್ಟಿದ ಇಪ್ಪತ್ತು ದಿನಗಳಲ್ಲಿ ಸಮಜಾಯಿಷಿ ಕೊಡದಿದ್ದರೆ ಪೋಲೀಸರಿಗೆ ಬರೆಯಲಾಗುವುದು.

ಇಪ್ಪತ್ತರಲ್ಲಿ ಹದಿನಾರು ದಿನ ಆಗಲೇ ಮುಗಿದಿದ್ದವು.

ಪೋಲೀಸರ ಮಾತಿಗೆ ರಶೀದಾಬೇಗಂ ಅಷ್ಟು ಅಂಜಿದವರಲ್ಲ. ಅವರನ್ನು ತಿನ್ನುತ್ತಿದ್ದುದು ಬೇರೆ. ಕಾಮಾಲೆಯಿಂದ ಹಾಸಿಗೆ ಹಿಡಿದಿದ್ದ ಅಕ್ಕ ಕೊನೆಗೆ ತಂಗಿಯ ಕೈ ಹಿಡಿದು, “ನನ್ನ ಹಣೇಬರದಾಗ ಇಲ್ಲ, ನನ್ನ ಹೆಸರಿಲೆ ನೀ ಹಜ್ ಮಾಡಿ ಬಾ,” ಎಂದಿದ್ದಳಂತೆ. ಸತ್ತವರ ಹೆಸರಿನಲ್ಲಿ ಉಳಿದವರು ಹೋಗಿ ಮಾಡಿಬರುವುದು ಅವರಲ್ಲಿ ಉಂಟು. ರಶೀದಾಬೇಗಂ ತಮ್ಮ ಹಜ್ಜನ್ನು ಏಳು ವರ್ಷದ ಹಿಂದೆಯೇ ಗಂಡನ ಜೊತೆ ಮುಗಿಸಿದ್ದರು. ಈಗ ಹೊರಟದ್ದು ಅಕ್ಕನಿಗಾಗಿ. ಆ ಮಾತು ನಡೆಸದೆ ಸತ್ತರೆ ಅಕ್ಕನಿಗೆ ಹ್ಯಾಂಗ ಮುಖ ತೋರಿಸಲಿ ಎಂದು ನನ್ನ ಮುಂದೆ ಅತ್ತಿದ್ದರು.

“ಮುಂಗಡದ ವ್ಯವಹಾರ ನನಗ ಗೊತ್ತಿಲ್ಲ ಗನಿಸಾಬ,” ಎಂದೆ. “ಮೊದಲಿಂದ ಹೇಳ್ರಿ.”

“ಮುಂಗಡ ಅಂದ್ರ ಟಿಕೇಟಲ್ಲರಿ. ಮೊದಲ ಅದು ತಿಳಕೋರಿ. ಕಟ್ಟಿದ ರೊಕ್ಕ ನನ್ನ ಹಂತ್ಯಾಕ ಇರಲ್ಲ, ಮುಂಬಯಿಗೆ ಹೋಗ್ತದ. ಅವರು ಒಂದು ನಂಬರ ಕೊಡ್ತಾರ. ಅದು ನಿಮ್ಮ ಪಾಳಿ. ಯಾವ ಹಡಗ, ಯಾವ ತಾರೀಖ, ಏನೂ ಇರಲ್ಲ. ಇಂಥಾ ವರ್ಷ ಅಂತ ಅಷ್ಟ.”

“ಆ ವರ್ಷ ಬಂತು. ಆಮ್ಯಾಲ?”

“ಪಟ್ಟಿ ಬರ್ತದ. ಉಳದ ರೊಕ್ಕ ಕಟ್ಟಬೇಕು. ಆಗಲಿಲ್ಲಂದ್ರ ಪಾಳಿ ಮುಂದಿನ ವರ್ಷಕ್ಕ ಸರೀತದ, ಮುಂಗಡ ಹಾಂಗ ಇರ್ತದ. ಮೂರು ವರ್ಷದ ತನಕ.”

“ತಾಜುನ್ನಿಸಾ ಕಟ್ಟಿದ್ದು ಯಾವ ವರ್ಷಕ್ಕ?”

“ಈ ವರ್ಷಕ್ಕ. ಸಾಲಿ ನೌಕರಿ ಮುಗಿಸಿ ಹೋಗ್ತೀನಿ ಅಂದಿದ್ಲು.”

“ಮತ್ತ ಹೋದ ವರ್ಷ ಹ್ಯಾಂಗ ಹತ್ತಿದ್ಲು?”

ಡಬ್ಬಿಯ ಮುಚ್ಚಳ ನಿಂತಿತು.

“ಹಿಂದಕ್ಕ ತರಾಕ ಬರ್ತದರಿ,” ಎಂದ ಗನಿಸಾಬ. “ಯಾರರೆ ಬಿಟ್ಟ ಜಾಗಾ ಇದ್ರ. ಅದಕ್ಕ ಕಟ್ಟಿದವರೇ ಅರ್ಜಿ ಕೊಡಬೇಕು. ಮೂಲ ರಸೀದಿ ಹಚ್ಚಬೇಕು.”

“ಕಟ್ಟಿದವರು ಸತ್ತಿದ್ರ?”

“ವಾರಸದಾರ್ರಿಗೆ. ರೊಕ್ಕ ಬೇಕಂದ್ರ ರೊಕ್ಕ, ಪಾಳಿ ಬೇಕಂದ್ರ ಪಾಳಿ.”

“ನಿಮಗ ಕಮಿಷನ್ ಯಾವಾಗ ಬರ್ತದ? ಮುಂಗಡ ಕಟ್ಟಿದಾಗ?”

“ಇಲ್ಲರಿ. ಮಂದಿ ಹಡಗ ಹತ್ತಿದ ಮ್ಯಾಲ.”

“ಸತ್ತವರ ರೊಕ್ಕ ವಾಪಸ್ ಹೋದ್ರ ನಿಮಗೇನೂ ಇಲ್ಲ.”

“ಇಲ್ಲ.”

“ಸತ್ತವರು ಹಡಗ ಹತ್ತಿದ್ರ ಅದ.”

ಗನಿಸಾಬ ಎದ್ದು ನಿಂತ. “ನಲವತ್ತು ವರ್ಷದಿಂದ ಹಾಜಿಗಳ ಸೇವಾ ಮಾಡಾಕತ್ತೀನಿ ನಾ! ಎರಡು ರೂಪಾಯಿ ಕಮಿಷನ್‌ಗೆ ಹೆಣಾ ಹಡಗ ಹತ್ತಸ್ತೀನೇನು? ಯಾರ ಅಂಗಡ್ಯಾಗ ಕುಂತು ಮಾತಾಡಾಕತ್ತೀರಿ, ಖಬರ್ ಅದ ಏನು ನಿಮಗ?”

“ಕುಂದ್ರಿ,” ಎಂದೆ. “ಹೆಗಲು ಮುಟ್ಟಿ ನೋಡ್ಕೋಬ್ಯಾಡ್ರಿ. ಕುಂಬಳಕಾಯಿ ಕಳ್ಳ ಅಂತ ನಾ ಇನ್ನೂ ಅಂದಿಲ್ಲ.”

ಅವನು ಕೂತ. ಪರದೆಯ ಹಿಂದೆ ಕೆಮ್ಮಿದ ಸದ್ದಾಯಿತು.

“ಸಾವಕಾಶ ಕೇಳ್ರಿ ಕಲ್ಯಾಣಪ್ಪನೋರ,” ಎಂದರು ರಶೀದಾಬೇಗಂ. “ನಾಕಕ್ಕ ನನ್ನ ಮಗ ಕಾರ್ಖಾನಿ ಕೆಲಸ ಮುಗಿಸಿ ಬರ್ತಾನ. ನನ್ನ ಫಾರ್ಮಿಗೆ ಅವನ ಸಹಿ ಆಗಬೇಕು. ಅಷ್ಟರಾಗ ಇದೊಂದು ಬಗೀಹರದ್ರ ಸಾಕು.”

ಅವರ ಫಾರ್ಮು ಮೇಜಿನ ಮೇಲೆಯೇ ಇತ್ತು. ಹೆಣ್ಣುಮಗಳು ಒಬ್ಬಳೇ ಯಾತ್ರೆಗೆ ಹೋಗುವಂತಿಲ್ಲ. ಗಂಡ, ಇಲ್ಲವೇ ಮಗ, ಅಣ್ಣತಮ್ಮಂದಿರು, ಅಕ್ಕತಂಗಿಯರ ಮಗ, ಹೀಗೆ ಮದುವೆಯಾಗಲು ಬಾರದಷ್ಟು ಹತ್ತಿರದ ರಕ್ತದ ಗಂಡಸು ಜೊತೆಗಿರಬೇಕು. ಅವನಿಗೆ ಮಹರಮ್ ಎನ್ನುತ್ತಾರೆ. ಆ ಜಾಗದಲ್ಲಿ ರಶೀದಾಬೇಗಂ ತುಂಬಿದ್ದರು: ಲಾಡ್ಲೆಸಾಬ, ಸ್ವಂತ ಮಗ, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್. ಕೆಳಗೆ ಅಚ್ಚಾದ ಒಂದು ಸಾಲು: ಸಂಬಂಧ ಸುಳ್ಳಾಗಿದ್ದರೆ ಪಾಳಿ ರದ್ದು. ಅದರಡಿ ಅವರ ಸಹಿ.

“ಹೋದ ವರ್ಷದ ಅರ್ಜಿ ತೋರಸ್ರಿ ಗನಿಸಾಬ. ಪಾಳಿ ಹಿಂದಕ್ಕ ತಂದದ್ದು.”

“ಅದು ಮುಂಬಯಿಗೆ ಹೋಗ್ಯದ.”

“ನಕಲು ಇಟ್ಟಿರ್ತೀರಿ.”

“ಗೆದ್ದಲ ತಿಂದದ.”

ನನಗೆ ನಗು ಬಂತು. ಪಾರ್ಸಲ್ ಆಫೀಸುಗಳಲ್ಲಿ ಇಪ್ಪತ್ತೆಂಟು ವರ್ಷ ಈ ಗೆದ್ದಲಿನ ಕಥೆ ಕೇಳಿದ್ದೇನೆ. ಬೇಕಾದ ಪುಟವನ್ನೇ ಹುಡುಕಿ ತಿನ್ನುವ ಗೆದ್ದಲು ನಮ್ಮ ಸೀಮೆಯಲ್ಲಿ ಮಾತ್ರ ಇರುವುದು. ನಾನು ಎದ್ದು ಅವನ ಹಿಂದಿನ ಕಪಾಟಿನ ಹತ್ತಿರ ಹೋದೆ. ವರ್ಷವಾರು ಫೈಲುಗಳು, ಒಪ್ಪವಾಗಿ ಇದ್ದವು. ಒಂದು ಹುಳವೂ ಇರಲಿಲ್ಲ.

“ಅದಕ್ಕ ಕೈ ಹಚ್ಚಬ್ಯಾಡ್ರಿ,” ಎಂದ ಗನಿಸಾಬ. ಆದರೆ ತಡೆಯಲು ಬರಲಿಲ್ಲ. ನನಗೆ ಅದೇ ವಿಚಿತ್ರವೆನಿಸಿತು.

ಫೈಲು ತೆಗೆದೆ. ತಾಜುನ್ನಿಸಾಳ ಹೆಸರಿನ ಅರ್ಜಿ ಮೂರನೆಯದು. ಮೂಲ ರಸೀದಿಯ ನಂಬರು, ತಾರೀಖು, ಎಲ್ಲ ಸರಿಯಾಗಿದ್ದವು. ಸಹಿಯ ಜಾಗದಲ್ಲಿ ನೀಲಿ ಶಾಯಿಯ ಹೆಬ್ಬೆಟ್ಟು.

ನಾನು ನನ್ನ ಚೀಲದಿಂದ ಒಂದು ಹಳೆಯ ಹಾಜರಿ ಪುಸ್ತಕ ತೆಗೆದು ಅದರ ಪಕ್ಕಕ್ಕಿಟ್ಟೆ. ಚಿತ್ತಾಪುರದ ಹೆಣ್ಣುಮಕ್ಕಳ ಉರ್ದು ಶಾಲೆಯದು. ಹೆಡ್ ಮಾಸ್ತರರ ಕೈಕಾಲು ಹಿಡಿದು ಎಂಟು ದಿನಕ್ಕೆಂದು ಇಸಿದುಕೊಂಡಿದ್ದೆ. ಪ್ರತಿ ಪುಟದಲ್ಲೂ ತಾಜುನ್ನಿಸಾಳ ಸಹಿ, ಮುತ್ತು ಪೋಣಿಸಿದ ಹಾಗೆ.

“ಇಪ್ಪತ್ತಾರು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದಾಕಿ,” ಎಂದೆ. “ಮುಂಗಡ ಕಟ್ಟಿದಾಗ ನಿಮ್ಮ ಮುಂದನ ಸಹಿ ಮಾಡ್ಯಾಳ. ಆರು ತಿಂಗಳದಾಗ ಬರೆಯೋದು ಮರತ್ಲೇನು?”

ಗನಿಸಾಬ ಹಾಜರಿ ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿದ.

“ಫೋಟೋ ಎಲ್ಲಿ?”

“ಪರದಾದಾಗ ಇರೋ ಹೆಣ್ಮಕ್ಕಳ ಪಾಸಿಗೆ ಫೋಟೋ ಬೇಕಾಗಿಲ್ಲರಿ. ಮೊದಲಿಂದ ಹಾಂಗ ಅದ.”

“ಅಂದ್ರ ಬುರ್ಖಾ ಹಾಕ್ಕೊಂಡು ಯಾರು ಬಂದ್ರೂ ತಾಜುನ್ನಿಸಾನೇ.”

“ಜೋಡಿ ಮಹರಮ್ ಇರ್ತಾನಲ್ಲರಿ. ಅವ ಹೇಳ್ತಾನ, ಈಕಿ ನನ್ನ ಇಂಥಾಕಿ ಅಂತ. ಅವನ ಮಾತಿನ ಮ್ಯಾಲ ಎಲ್ಲಾ ನಡೀತದ.”

“ಅವನ ಹೆಸರೇನು?”

ಮಹರಮ್‌ನ ಹಾಳೆ ಅರ್ಜಿಯ ಹಿಂದೆ ಇರಬೇಕಿತ್ತು. ಇರಲಿಲ್ಲ. ಫೈಲಿನ ದಾರದಲ್ಲಿ ಹಾಳೆಯ ಒಂದು ಹರಿದ ಮೂಲೆ ಮಾತ್ರ ಸಿಕ್ಕಿಕೊಂಡಿತ್ತು. ಹರಿದ ಅಂಚು ಇನ್ನೂ ಬೆಳ್ಳಗಿತ್ತು. ಹಳೆಯ ಕಾಗದವನ್ನು ಹೊಸದಾಗಿ ಹರಿದರೆ ಹಾಗಿರುತ್ತದೆ.

“ಇವತ್ತ ಹರದೀರಿ,” ಎಂದೆ. “ನಾವು ಬರ್ತೀವಿ ಅಂತ ತಿಳದ ಮ್ಯಾಲ.”

ಅವನು ಪರದೆಯ ಹಿಂದಿದ್ದ ರಶೀದಾಬೇಗಂರ ಕಡೆ ನೋಡಿದ; ಅವರನ್ನು ಅವನು ಆಪಾ ಎನ್ನುತ್ತಿದ್ದ. ಆಮೇಲೆ ನನ್ನ ಕಡೆ ಬಗ್ಗಿ ತೀರ ಮೆಲ್ಲಗೆ ಹೇಳಿದ: “ಆಪಾನ್ನ ಮೊದಲ ಮನಿಗೆ ಕಳಸ್ರಿ. ಶಹಾಬಾದ್ ಗಾಡಿಗೆ ಹೊತ್ತಾಗ್ಯದ. ಆಕಿ ಹೋದ ಮ್ಯಾಲ ಎಲ್ಲಾ ಹೇಳ್ತೀನಿ. ಖುದಾನ ಆಣಿ.”

ಸಾಕ್ಷಿಯನ್ನು ದೂರ ಕಳಿಸಿ ಏನಾದರೂ ಕಥೆ ಕಟ್ಟುವ ಹುನ್ನಾರ ಇದು ಅಂದುಕೊಂಡೆ. ನನ್ನ ಸಂಶಯದ ಬುದ್ಧಿಗೆ ಬೇರೆ ಏನು ಹೊಳೆದೀತು? “ಬೀಬಿಯವರು ಎಲ್ಲಿಗೂ ಹೋಗಲ್ಲ,” ಎಂದೆ ಗಟ್ಟಿಯಾಗಿ. “ಅವರದೇ ಕೇಸು. ಅವರೂ ಕೇಳಲಿ.”

ಆ ಮಾತಿಗೆ ಈಗಲೂ ನನಗೆ ಪಶ್ಚಾತ್ತಾಪವಾಗುತ್ತದೆ.

ಗನಿಸಾಬ ಮತ್ತೆ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದ. ಹೊರಗೆ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿ ಶಂಟಿಂಗ್ ಮಾಡುತ್ತಿತ್ತು. ನಾನು ಮತ್ತೆ ಆ ಹೆಬ್ಬೆಟ್ಟಿನ ಮೇಲೆ ಬಗ್ಗಿದೆ. ಯಾಕೋ ಅದು ಸರಿ ಕಾಣಲಿಲ್ಲ. ಕನ್ನಡಕ ಒರೆಸಿ ಬಾಗಿಲ ಬೆಳಕಿಗೆ ಹಿಡಿದೆ. ಬರೀ ನೀಲಿ ಮಚ್ಚೆ. ಗೆರೆಗಳೇ ಇಲ್ಲ.

ಇಂಥ ಹೆಬ್ಬೆಟ್ಟು ನಾನು ಸಾವಿರ ನೋಡಿದ್ದೇನೆ. ವಾಡಿ ಯಾರ್ಡಿನಲ್ಲಿ ಸುಣ್ಣದ ವ್ಯಾಗನ್ ತುಂಬುವವರ ಕೂಲಿ ಪಟ್ಟಿಯಲ್ಲಿ ಇರುವುದೆಲ್ಲ ಇಂಥವೇ. ಸುಣ್ಣ ಬೆರಳಿನ ಗೆರೆಗಳನ್ನು ತಿಂದುಬಿಡುತ್ತದೆ. ಹತ್ತು ವರ್ಷ ಸುಣ್ಣದ ಭಟ್ಟಿಯಲ್ಲಿ ದುಡಿದವರಿಗೆ ಹೆಬ್ಬೆಟ್ಟು ಅಂತ ಉಳಿಯುವುದಿಲ್ಲ.

ಹಾಗಾದರೆ ಹಡಗು ಹತ್ತಿದವಳು ಓದುಬರಹ ಇಲ್ಲದ, ಭಟ್ಟಿಯಲ್ಲಿ ದುಡಿದ ಹೆಂಗಸು. ಅವಳಿಗೆ ಉಳಿದ ರೊಕ್ಕ ಯಾರು ಕಟ್ಟಿದರು? ತಾಜುನ್ನಿಸಾಳ ರಸೀದಿ ಯಾರು ಕೊಟ್ಟರು?

“ಬೀಬಿಯವರ, ಆ ರಸೀದಿ ನಿಮ್ಮ ಅಕ್ಕ ಎಲ್ಲಿ ಇಟ್ಟಿದ್ರು?”

“ಟ್ರಂಕಿನ್ಯಾಗ. ಸತ್ತ ಮ್ಯಾಲ ಟ್ರಂಕ್ ನಮ್ಮ ಮನಿಗೆ ಬಂತು. ನೋಡಿದ್ರ ಲಕೋಟಿ ಇತ್ತು, ರಸೀದಿ ಇರಲಿಲ್ಲ. ಗನಿಸಾಬರ ಹಂತ್ಯಾಕ ಕೊಟ್ಟಿರಬೇಕು ಅಂದುಕೊಂಡೆ.”

“ಟ್ರಂಕ್ ಯಾರು ತಂದ್ರು?”

“ಮನಿ ಮಂದೀನೇ.”

ಉತ್ತರ ತುಸು ಬೇಗ ಬಂತೆಂದು ನನಗನಿಸಿತು. ಆದರೆ ಆಗ ನನ್ನ ತಲೆಯಲ್ಲಿ ಬೇರೆಯೇ ಒಂದು ನೆನಪು ಸುಳಿಯುತ್ತಿತ್ತು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ವಾಡಿಯಿಂದ ಮೂವರು ಹಜ್‌ಗೆ ಹೋದರು. ಹೋಗುವ ಮೊದಲು ಒಬ್ಬೊಬ್ಬರೂ ಊರಿನ ಮನೆಮನೆಗೆ ಹೋಗಿ, ಅಂದದ್ದು ಆಡಿದ್ದು ಮಾಫ್ ಮಾಡ್ರಿ ಎಂದು ಕೈಹಿಡಿದು ಕೇಳಿದರು. ನನ್ನ ಮನೆಗೂ ಬಂದಿದ್ದರು. ಅವರಲ್ಲಿ ಒಬ್ಬನ ಜೊತೆ ಗಟಾರದ ವಿಷಯಕ್ಕೆ ನಾನು ನಾಲ್ಕು ವರ್ಷ ಮಾತು ಬಿಟ್ಟಿದ್ದೆ. ಬಂದು ಕೈಹಿಡಿದಾಗ ಇಲ್ಲವೆನ್ನಲಾಗಲಿಲ್ಲ. ಬೆಲ್ಲದ ಚಹಾ ಕುಡಿಸಿ ಕಳಿಸಿದೆ. ನೋಯಿಸಿದವರ ಮಾಫಿ ಇಲ್ಲದೆ ಅಲ್ಲಿಗೆ ಹೋಗಿ ನಿಂತರೆ ಏನೂ ಫಲವಿಲ್ಲವೆಂಬುದು ಅವರ ನಂಬಿಕೆ.

ಕದ್ದ ಪಾಳಿಯಲ್ಲಿ ಹೊರಟವರು ಊರಿಗೆ ಹೇಳುವಂತಿಲ್ಲ, ಸರಿ. ಆದರೆ ಹೊರಟದ್ದು ಹಜ್‌ಗೆ. ಯಾರ ಪಾಳಿ ಕದ್ದಿದ್ದಾರೋ ಅವರ ಮಾಫಿಯೊಂದನ್ನಾದರೂ ಕೇಳದೆ ಹೆಜ್ಜೆ ಎತ್ತಿಡಲು ಮನಸ್ಸು ಬಂದೀತೇ? ಪಾಳಿಯ ಒಡತಿ ಮಣ್ಣಲ್ಲಿ. ಅವಳ ವಾರಸದಾರಳು ಪರದೆಯ ಹಿಂದೆ.

“ಬೀಬಿಯವರ, ಹೋದ ದೀಪಾವಳಿ ಆದ ಮ್ಯಾಲ ಯಾರರೆ ಹೆಣ್ಮಗಳು ನಿಮ್ಮ ಮನಿಗೆ ಬಂದು ಮಾಫಿ ಕೇಳಿದ್ಲೇನು?”

“ನಮ್ಮ ಓಣಿಯಿಂದ ಹೋದ ವರ್ಷ ಯಾರೂ ಹೋಗಿಲ್ಲರಿ. ಯಾರು ಕೇಳ್ತಾರ?”

“ಹೆಣ್ಮಕ್ಕಳು ಬ್ಯಾಡ. ಗಂಡಸರು?”

ಗನಿಸಾಬ ಕಣ್ಣು ಮುಚ್ಚಿಕೊಂಡ.

“ಯಾರರೆ ಬಂದು ಕೈ ಹಿಡದು, ಸುಮ್ಮಸುಮ್ಮನ...”

“ನಿಂದರ್ರಿ,” ಎಂದರು ರಶೀದಾಬೇಗಂ.

ಪರದೆ ಅಲುಗಿತು. ಅವರು ಮಾತಾಡಿದಾಗ ದನಿ ಬೇರೆಯಾಗಿತ್ತು.

“ದೀಪಾವಳಿ ಆಗಿ ಎರಡೋ ಮೂರೋ ದಿನ. ನಾ ರೊಟ್ಟಿ ಬಡೀಲಿಕತ್ತಿದ್ದೆ. ಬಂದು ಕಾಲ ಹಂತ್ಯಾಕ ಕುಂತ. ಹಿಟ್ಟಿನ ಕೈ ಹಾಂಗ ಹಿಡಕೊಂಡ. ಅಮ್ಮೀ, ಅಂದದ್ದು ಆಡಿದ್ದು ಎಲ್ಲಾ ಮಾಫ್ ಮಾಡು ಅಂದ. ನಾ ನಕ್ಕೆ. ಗುಜರಾತಿಗೆ ಟ್ರೇನಿಂಗಿಗೆ ಹೊಂಟೀಯೋ, ಹಜ್‌ಗೆ ಹೊಂಟೀಯೋ ಅಂದೆ. ಅವ ನಗಲಿಲ್ಲ. ಮಾಫ್ ಮಾಡೀನಿ ಅನ್ನು ಅಂದ. ಮಾಡೀನೋ ಮಾರಾಯಾ, ಎಲ್ಲಾ ಮಾಡೀನಿ, ಕೈ ಬಿಡು, ರೊಟ್ಟಿ ಹೊತ್ತತದ ಅಂದೆ.”

“ಯಾರು ಬೀಬಿಯವರ?” ಕೇಳಬೇಕಿರಲಿಲ್ಲ, ಆದರೂ ಕೇಳಿದೆ.

“ಎರಡೂವರಿ ತಿಂಗಳಿಗೆ ಬಂದಾಗ ತಲಿಮ್ಯಾಲ ಬೆರಳಗಲ ಕೂದಲಿತ್ತು. ಟೈಫಾಯ್ಡ್ ಬಂದಿತ್ತು, ಬೋಳಸಿದ್ರು ಅಂದ. ನಾ ಅತ್ತೆ. ಅಲ್ಲಿ ಯಾರು ಗಂಜಿ ಕಾಸಿ ಕೊಟ್ಟಾರು ಅಂತ ಅತ್ತೆ ನಾ.”

ಹಜ್ ಮುಗಿಸಿದ ಗಂಡಸರು ತಲೆ ಬೋಳಿಸುತ್ತಾರೆಂಬುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

ಗನಿಸಾಬ ತನ್ನ ಕೋಟಿನ ಒಳಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟ. ಒಂದು ಮೂಲೆ ಹರಿದಿತ್ತು. ಮಹರಮ್‌ನ ಹೆಸರು: ಲಾಡ್ಲೆಸಾಬ. ಪ್ರಯಾಣಿಕಳಿಗೆ ಸಂಬಂಧ: ತಂಗಿಯ ಮಗ.

“ಆಪಾನ್ನ ಕಳಸ್ರಿ ಅಂದೆ,” ಎಂದ ನನಗೆ. “ನೀವು ಕೇಳಲಿಲ್ಲ.”

ನನಗೆ ನಾಚಿಕೆಯಾಯಿತು. ಅರ್ಧ ಗಂಟೆಯಿಂದ ಕಳ್ಳನೆಂದು ನಾನು ಹಿಂಡುತ್ತಿದ್ದ ಮನುಷ್ಯ ಒಬ್ಬ ತಾಯಿಯ ಕಿವಿಗೆ ಆ ಹೆಸರು ಬೀಳದಿರಲೆಂದು ಕಾಗದ ಹರಿದಿದ್ದ.

“ನಿಮಗ ಮೊದಲ ಗೊತ್ತಿತ್ತೇನು?” ಎಂದೆ.

“ಇಲ್ಲರಿ. ಖಾಲಾಗ, ದೊಡ್ಡವ್ವಗ, ಭಾಳ ಆರಾಮಿಲ್ಲ, ಮುಂದಿನ ವರ್ಷದ ತನಕ ಉಳಿಯಲ್ಲ, ಈ ವರ್ಷನ ಕಳಸ್ರಿ ಅಂದ. ಶಹಾಬಾದಿನ ಒಳ್ಳೆ ಮನಿತನದ ಹುಡುಗ. ಯಾಕ ಸಂಶಯ ಬರ್ತದ? ಚಿತ್ತಾಪುರದ ಮಯ್ಯತ್, ಆಕಿ ಸತ್ತ ಸುದ್ದಿ, ನನಗ ಈ ವರ್ಷ ಆಪಾ ಬಂದು ಹೇಳಿದಾಗ ತಿಳೀತು. ಆವತ್ತಿನಿಂದ ನಿದ್ದಿಲ್ಲ ನನಗ.”

ಈಗ ಉಳಿದದ್ದು ಲೆಕ್ಕ ಅಲ್ಲ, ಆಯ್ಕೆ. ಅದನ್ನು ನಾನು ಬಿಡಿಸಿ ಹೇಳಬೇಕಾಯಿತು.

“ಬೀಬಿಯವರ, ನಾಕು ದಿನ ಅದಾವ. ನಿಜ ಬರದ್ರ ಮಗ ಜೈಲಿಗೆ ಹೋಗ್ತಾನ, ನೌಕರಿನೂ ಹೋಗ್ತದ. ಬರೀಲಿಲ್ಲಂದ್ರ ಸುಳ್ಳು ಮರಣ ದಾಖಲೆ ಕೊಟ್ಟಾರಂತ ನಿಮ್ಮ ಮ್ಯಾಲ ಬರ್ತದ. ಅಕ್ಕನ ಪಾಳಿ ಎರಡರಾಗೂ ಇಲ್ಲ. ಹೊಸದಾಗಿ ಮುಂಗಡ ಕಟ್ಟಿದ್ರ ಮುಂದ ಎಂದರೆ ಹೋಗಬಹುದು. ಆದ್ರ ಮಹರಮ್ ಅವನೇ ಆಗಬೇಕು.”

“ನಾ ಏನೂ ಬರಿಯಲ್ಲ,” ಎಂದರು ಅವರು. “ಮಾಫ್ ಮಾಡೀನಿ ಅಂದೀನಲ್ಲ. ರೊಟ್ಟಿ ಬಡಿಯೋ ಮುಂದ ಅಂದ್ರೇನು, ಅಂದದ್ದು ಅಂದ್ಹಾಂಗ. ಹಿಂದ ತಗೊಳ್ಳಾಕ ಬರಲ್ಲ. ಪೋಲೀಸರು ಬರ್ಲಿ, ನನಗ ಒಯ್ಯಲಿ.”

ಆಮೇಲೆ ಕೇಳಿದರು: “ಆದ್ರ ಕಲ್ಯಾಣಪ್ಪನೋರ, ಆ ಹೆಂಗಸು ಯಾರು? ನನ್ನ ಅಕ್ಕನ ಪಾಳಿ ಮ್ಯಾಲ ನನ್ನ ಮಗ ಯಾರನ್ನ ಕರಕೊಂಡು ಹೋದ?”

ನಾನು ಗನಿಸಾಬನ ಕಡೆ ತಿರುಗಿದೆ. “ಮುಖ ನೋಡೀರೇನು?”

“ಪರದಾ ಹೆಣ್ಮಗಳ ಮುಖ ನಾ ಯಾಕ ನೋಡ್ಲಿ? ಕೈ ನೋಡೀನಿ. ಹೆಬ್ಬಟ್ಟು ಒತ್ತಸೋ ಮುಂದ. ಚರ್ಮ ಎಲ್ಲಾ ಸೀಳಿ ಬೆಳ್ಳಗಾಗಿತ್ತು. ಉಸರು ತಗೊಳ್ಳಾಕ ಆಗವಲ್ದಾಗಿತ್ತು ಆಕಿಗೆ, ಎದಿಯಾಗ ಭಟ್ಟಿ ತಿದಿ ಊದಿದ್ಹಾಂಗ ಸಪ್ಪಳ. ಸಾಲಿ ಕಲಸೋ ಹೆಣ್ಮಗಳಿಗೆ ಇಂಥಾ ಕೈಯಾ ಅಂತ ಅನಿಸ್ತು. ಬಾಯಿ ಬಿಟ್ಟು ಕೇಳಲಿಲ್ಲ, ನನ್ನ ತಪ್ಪು.” ಅವನು ಪರದೆಯ ಕಡೆ ನೋಡಿ, ಮೆಲ್ಲಗೆ ಮುಂದುವರಿಸಿದ. “ಇನ್ನೊಂದು. ನನಗ ಹೇಳೋ ಮುಂದ ಖಾಲಾ, ಖಾಲಾ ಅಂತಿದ್ದ. ಆಕಿ ಎದ್ದು ಹೋಗೋ ಮುಂದ ತೋಳ ಹಿಡದು ಅಮ್ಮೀ ಅಂದ. ಬಾಯ್ತಪ್ಪಿ ಬಂತು ಅಂದುಕೊಂಡೆ ನಾ.”

ಪರದೆ ಸರಿಯಿತು.

ರಶೀದಾಬೇಗಂ ಮುಖದ ಮೇಲಿನ ಮುಸುಕು ಹಿಂದಕ್ಕೆ ಹಾಕಿದ್ದರು. ಎರಡು ವಾರದಿಂದ ಅವರ ಕೆಲಸ ಮಾಡುತ್ತಿದ್ದರೂ ನಾನು ಆ ಮುಖ ನೋಡಿದ್ದು ಅದೇ ಮೊದಲು. ತೆಳ್ಳಗಿನ ಬೆಳ್ಳನೆಯ ಮುಖ.

“ರಾವೂರ ಭಟ್ಟಿಯಾಕಿ,” ಎಂದರು. ನಮಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ. “ಆಕಿ ಇನ್ನೂ ಅದಾಳ?”

“ಯಾರ್ರೀ ಆಕಿ?”

“ನನಗ ಮಕ್ಕಳಾಗಲಿಲ್ಲ ಕಲ್ಯಾಣಪ್ಪನೋರ. ರಾವೂರಾಗ ಭಟ್ಟಿ ಕುಸದು ಆಕಿ ಗಂಡ ಸತ್ತಾಗ ಕೂಸು ಒಂದೂವರಿ ವರ್ಷದ್ದು. ನಮ್ಮವರು ತಂದು ನನ್ನ ಉಡ್ಯಾಗ ಹಾಕಿದ್ರು. ಶಹಾಬಾದ್ ಕಡೆ ಮುಖ ಹಾಕಬ್ಯಾಡ ಅಂತ ಆಕಿಗೆ ಹೇಳಿ ಕಳಸಿದೆ. ಮಂದಿಗೆ ಯಾರಿಗೂ ಹೇಳಲಿಲ್ಲ. ಹನ್ನೆರಡು ವರ್ಷದವ ಇದ್ದಾಗ ಯಾರೋ ಏನೋ ಅಂದ್ರು, ಮನಿಗೆ ಬಂದು ಕೇಳಿದ, ನನ್ನ ಹಡದಾಕಿ ಎಲ್ಲಿ ಅದಾಳಂತ. ಸತ್ತಾಳ ಅಂದೆ.”

ಗನಿಸಾಬ ಮೇಜಿನ ಮೇಲಿದ್ದ ಈ ವರ್ಷದ ಫಾರ್ಮಿನ ಕಡೆ ನೋಡಿದ. ಸ್ವಂತ ಮಗ ಎಂದು ಬರೆದಿತ್ತು. “ಆಪಾ,” ಎಂದ, ತೀರ ಸಂಕಟದಿಂದ. “ಸಾಕಿದ ಮಗ ಮಹರಮ್ ಆಗಲ್ಲ. ಎದಿ ಹಾಲರೆ ಕುಡಿಸೀರೇನು ಅವಗ? ಹಾಲು ಕುಡದಿದ್ರೂ ಮಗ ಆಗ್ತಾನ. ಮಹರಮ್ ಆಗಾಕ ಬರ್ತದ.”

“ಎಲ್ಲಿ ಹಾಲು ಗನಿಭಾಯಿ? ಹಡೀಲಾರದಾಕಿಗೆ ಎಲ್ಲಿ ಹಾಲು?”

ಅವರು ಫಾರ್ಮನ್ನು ಎತ್ತಿಕೊಂಡು ಮಡಿಲಲ್ಲಿಟ್ಟುಕೊಂಡರು. ಅಕ್ಕನ ಪಾಳಿ ಹೋಗಿತ್ತು. ಈಗ ಹೋಗುವ ದಾರಿಯೂ ಹೋಯಿತು. ಈ ಕೇಸು ನಾನು ಬಿಚ್ಚದಿದ್ದರೆ ಕೊನೆಯ ಪಕ್ಷ ಅದು ಉಳಿಯುತ್ತಿತ್ತೇನೋ.

“ಏಳು ವರ್ಷದ ಹಿಂದ ನಾ ಹೊಂಟಾಗ ಶಹಾಬಾದ್ ಊರೆಲ್ಲಾ ತಿರಗಿ ಮಾಫಿ ಕೇಳೀನಿ,” ಎಂದರು. “ಅಗಸರಾಕಿ ಸುಂದರಬಾಯಿ ಮನಿಗೂ ಹೋಗಿ ಕೇಳೀನಿ, ಒಂದು ಸೀರಿ ಸಲುವಾಗಿ ಬೈದಿದ್ದೆ ಅಂತ. ನನ್ನ ಮಗಗ ಕೇಳಲಿಲ್ಲ. ರಾವೂರಿಗೂ ಹೋಗಲಿಲ್ಲ.”

ಸಿಮೆಂಟ್ ಕಾರ್ಖಾನೆಯ ಭೋಂಗಾ ಕೂಗಿತು. ನಾಲ್ಕು ಗಂಟೆ. ಬೀದಿಯಲ್ಲಿ ಪಾಳಿ ಮುಗಿಸಿದವರ ಸೈಕಲ್ಲುಗಳು ಒಂದರ ಹಿಂದೊಂದು ಹೋಗತೊಡಗಿದವು.

ಅವುಗಳಲ್ಲಿ ಒಂದು ಅಂಗಡಿಯ ಮುಂದೆ ನಿಂತಿತು. ಸ್ಟ್ಯಾಂಡ್ ಹಾಕಿದ ಸದ್ದು.

“ಅಮ್ಮೀ,” ಎಂದ ಲಾಡ್ಲೆಸಾಬ ಹೊರಗಿನಿಂದ.

“ಬಾರೋ,” ಎನ್ನಲು ರಶೀದಾಬೇಗಂ ಬಾಯಿ ತೆರೆದರು. ಇಪ್ಪತ್ತೇಳು ವರ್ಷದ ರೂಢಿ.

“ಅಮ್ಮೀ, ಸಾವಕಾಶ ಇಳಿ. ನನ್ನ ತೋಳ ಹಿಡಕೋ. ಮೆಟ್ಟಲಾ ಕುಸದದ ಇಲ್ಲಿ, ಎಡವೀ.”

ಹೊರಗೆ ಭಟ್ಟಿಯ ತಿದಿ ಊದಿದಂಥ ಉಸಿರು ಕೇಳಿಸಿತು. ರಶೀದಾಬೇಗಂ ಕೂತಲ್ಲಿ ಯಾವ ಮೆಟ್ಟಿಲೂ ಇರಲಿಲ್ಲ.